ಜೊತೆಯಿಲ್ಲದ ಕಣ್ಣು

ಕಣ್ಣಂಗಡಿಗೆ ಮೊದಲ ಸಲ ಬಂದವರು ಯಾರೂ ನೆಟ್ಟಗೆ ಮಾತಾಡಿದ್ದಿಲ್ಲ. ಗೋಡೆಗಾನಿಸಿದ ಬೀರುವಿನ ತುಂಬ ಅಗಲವಾದ, ಆಳವಿಲ್ಲದ ಖಾನೆಗಳು. ಒಂದೊಂದು ಖಾನೆಯಲ್ಲೂ ಹತ್ತಿಯ ಮೇಲೆ ಸಾಲಾಗಿ ಕೂತ ಕಣ್ಣುಗಳು. ಯಾವುದೋ ಒಂದು ಖಾನೆ ಅರೆ ತೆರೆದಿದ್ದರೂ ಸಾಕು, ಬಂದವರು ಹೇಳಬೇಕಾದ್ದನ್ನು ಮರೆತು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು, ಇಲ್ಲದ ಕೆಮ್ಮು ಕೆಮ್ಮುತ್ತಿದ್ದರು. ಅವು ಕಾಣದ ಕಣ್ಣುಗಳೆಂದು ಗೊತ್ತಿದ್ದೇ ಬಂದವರು, ಅಂಥದ್ದೊಂದನ್ನು ಮಾಡಿಸಿಕೊಳ್ಳಲೆಂದೇ ಬಂದವರು. ಆದರೂ ಅಷ್ಟು ಸಂಕೋಚ.

ಪುಟ್ಟಿಗೆ ಇದು ದಿನದಿನದ ತಮಾಷೆ. ಪುಟ್ಟಿ ಎಂದರೆ ಹುಡುಗಿಯಲ್ಲ, ತಲೆ ಅರ್ಧ ನರೆತ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡೇ ಓಡಾಡುವ ಹೆಂಗಸು. ಅಣ್ಣ ಚಿಕ್ಕಂದಿನಲ್ಲಿ ಕರೆದದ್ದು ಅಂಟಿಕೊಂಡುಬಿಟ್ಟಿತ್ತು. ಅಚ್ಚು ತೆಗೆಯುವುದು, ಉಜ್ಜಿ ಹೊಳಪು ಕೊಡುವುದು ಅಣ್ಣನ ಪಾಲಿನ ಕೆಲಸ. ಪಾಪೆ, ಅದರ ಸುತ್ತಲ ಬಣ್ಣದ ಬಳೆ, ಬಿಳಿಯ ಮೇಲೆ ಕೆಂಪು ರೇಷ್ಮೆಯ ಎಳೆಗಳನ್ನು ಇಟ್ಟು ನರ ಮೂಡಿಸುವುದು ಪುಟ್ಟಿಯ ಪಾಲು. ಹಿಂದೆ ಅದು ಅಪ್ಪನ ಕೆಲಸವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಕುಂಚ ಇವಳ ಕೈಗೆ ಬಂತು.

ಅಪ್ಪ ದೇವರನ್ನು ನಂಬಿದ್ದವನು. ಅಣ್ಣನೂ ಹಾಗೇ. ಪುಟ್ಟಿ ನಂಬುತ್ತಿರಲಿಲ್ಲ, ಮತ್ತು ನಂಬುವುದಿಲ್ಲವೆಂದು ಹೇಳುವುದರಲ್ಲಿ ಅವಳಿಗೆ ಒಂದಿಷ್ಟು ಜಂಬವೂ ಇತ್ತು. "ಮೇಲಿರೋನು ನೋಡ್ತಿದ್ದಾನೆ ಅಂತ ನಾವು ನೆಟ್ಟಗಿದ್ದೀವಿ. ಅದೂ ಇಲ್ಲ ಅಂದ್ರೆ ಮನುಷ್ಯನನ್ನ ಹಿಡಿಯೋರು ಯಾರು?" ಎಂದು ಅಣ್ಣ ಸಾಣೆಚಕ್ರದ ಮುಂದೆ ಕೂತೇ ರಾಗ ಎಳೆಯುತ್ತಿದ್ದ. "ಯಾರೋ ನೋಡ್ತಾರೆ ಅಂತ ನೆಟ್ಟಗಿರೋದು ಎಂಥ ನೆಟ್ಟಗೆ? ಅದು ಬರೀ ಹೆದರಿಕೆ," ಎಂದು ಪುಟ್ಟಿ ಕುಂಚ ಎತ್ತದೆಯೇ ಉತ್ತರ ಕೊಡುತ್ತಿದ್ದಳು. ಇಬ್ಬರೂ ಎಷ್ಟು ಸಲ ಆಡಿದ ಮಾತುಗಳೆಂದರೆ, ಒಬ್ಬರ ಸಾಲನ್ನು ಇನ್ನೊಬ್ಬರು ಹೇಳಬಹುದಿತ್ತು. ಆದರೆ ಜಗಳ ನಿಜಕ್ಕೂ ಕಾವೇರಿದಾಗ ಪುಟ್ಟಿ ಮೊದಲು ಎದ್ದು ಹೋಗಿ ತೆರೆದ ಖಾನೆಗಳನ್ನೆಲ್ಲ ಮುಚ್ಚಿ ಬಂದು, ಆಮೇಲೆ ಬಾಯಿ ಬಿಡುತ್ತಿದ್ದಳು. ಇದನ್ನು ಅಣ್ಣ ಗಮನಿಸಿದ್ದ. ಅವಳಿಗೇ ಅದು ಗೊತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಕಟ್ಟುಪಾಡು ಒಂದೇ ಒಂದು. ಜೊತೆ ಎದುರಿಗೆ ಕೂತಿರದೆ ಕಣ್ಣು ಬರೆಯಬಾರದು. ಜೊತೆಯೆಂದರೆ ಆ ಮನುಷ್ಯನ ಇನ್ನೊಂದು ಕಣ್ಣು, ಉಳಿದಿರುವ, ಜೀವವಿರುವ ಕಣ್ಣು. ಅದನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ನೋಡಿ ನೋಡಿ, ಅದರ ಕಲೆ ಕುಂದುಗಳನ್ನೆಲ್ಲ ಇದಕ್ಕೂ ಇಳಿಸಬೇಕು. ಇಲ್ಲದಿದ್ದರೆ ಹೊಂದುವುದಿಲ್ಲ, ಅಷ್ಟೇ, ಎಂದು ಪುಟ್ಟಿ ಅರ್ಥ ಮಾಡಿಕೊಂಡಿದ್ದಳು. ಅಪ್ಪ ಹೇಳುತ್ತಿದ್ದ ಕಾರಣ ಬೇರೆ. "ಜೊತೆಯಿಲ್ಲದೆ ಬರೆದ ಕಣ್ಣಿಗೆ ಯಾರನ್ನ ನೋಡಬೇಕು ಅಂತ ತಿಳಿಯೋದಿಲ್ಲ ಪುಟ್ಟಿ. ಅದು ಸುಮ್ಮನೆ ನೋಡ್ತಾ ಇರುತ್ತೆ." ಹಾಗೆ ಹೇಳುವಾಗ ಅಪ್ಪನ ಮುಖದಲ್ಲಿ ನಗು ಇರುತ್ತಿರಲಿಲ್ಲ.

ವೆಲ್ಡರನ ಹೆಂಡತಿ ಬಂದದ್ದು ಒಂದು ಬಿಸಿಲಿನ ಹೊತ್ತು. ವೆಲ್ಡರ್ ಹಳೆಯ ಗಿರಾಕಿ, ಕಿಡಿ ಹಾರಿ ಎಡಗಣ್ಣು ಹೋದವನು. ಅಪ್ಪನೇ ಅವನಿಗೆ ಕಣ್ಣು ಬರೆದುಕೊಟ್ಟಿದ್ದ. ಆಮೇಲೆ ವರ್ಷವರ್ಷ ಅವನು ಹೊಳಪು ಮಾಡಿಸಲು ಬಂದು ನೇರ ಹಿಂದಿನ ಕೋಣೆಗೆ, ಅಣ್ಣನ ಹತ್ತಿರ, ಹೋಗಿಬಿಡುತ್ತಿದ್ದ. ಹೋದ ತಿಂಗಳು ಎದೆನೋವಿನಿಂದ ತೀರಿಕೊಂಡನೆಂದು ಕೇಳಿ ಅಣ್ಣ ಮಣ್ಣಿಗೆ ಹೋಗಿ ಬಂದಿದ್ದ. ಹೆಂಡತಿಯನ್ನು ಪುಟ್ಟಿ ನೋಡಿದ್ದು ಅದೇ ಮೊದಲು. ಸಣ್ಣ ಮೈಕಟ್ಟಿನ, ಶುಭ್ರವಾದ ಹೆಂಗಸು. ಕೈಗಳು ಮಾತ್ರ ಸೋಪಿನ ನೀರಿನಲ್ಲಿ ನೆನೆದು ನೆನೆದು ಬಿರಿದಿದ್ದವು. ಅವಳು ಖಾನೆಗಳನ್ನು ಕಂಡು ಬೆದರಲಿಲ್ಲ. ಒಂದೊಂದನ್ನೂ ಬಗ್ಗಿ ನೋಡಿದಳು, ಯಾರನ್ನೋ ಹುಡುಕುವವಳ ಹಾಗೆ.

"ನಮ್ಮವರ ಕಣ್ಣು ಇನ್ನೊಂದು ಮಾಡಿಕೊಡಬೇಕು," ಎಂದಳು.

ಪುಟ್ಟಿಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಯಾರಿಗಮ್ಮಾ?"

"ಮನೆಗೆ."

ಹಿಂದಿನ ಕೋಣೆಯಲ್ಲಿ ಸಾಣೆಚಕ್ರ ನಿಂತಿತು. ಅಣ್ಣ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಆ ಹೆಂಗಸು ಕುರ್ಚಿಯ ಅಂಚಿಗೆ ಕೂತು, ಹೇಳಬೇಕಾದ್ದನ್ನು ಮನೆಯಲ್ಲೇ ಜೋಡಿಸಿಕೊಂಡು ಬಂದವಳಂತೆ, ದನಿ ಏರಿಸದೆ ಇಳಿಸದೆ ಹೇಳಿದಳು.

"ಇವರು ಮಲಗಿದಾಗ ಆ ಕಣ್ಣು ಪೂರ್ತಿ ಮುಚ್ತಿರಲಿಲ್ಲ. ನಿಮಗೆ ಗೊತ್ತಿರುತ್ತೆ."

ಪುಟ್ಟಿಗೆ ಗೊತ್ತಿತ್ತು. ಬಹಳ ಜನಕ್ಕೆ ಹಾಗಾಗುತ್ತದೆ. ರೆಪ್ಪೆ ಅರ್ಧಕ್ಕೆ ನಿಂತು, ನಿದ್ದೆಯಲ್ಲೂ ಕಣ್ಣು ತೆರೆದೇ ಇರುತ್ತದೆ.

"ಇವರದು ರಾತ್ರಿ ಪಾಳಿ. ಹಗಲೆಲ್ಲ ಮಲಗ್ತಿದ್ರು. ಅದೇ ಕೋಣೆಲಿ ಇವರ ಅಕ್ಕನ ಮಂಚ. ಲಕ್ವ ಹೊಡೆದು ಬಿದ್ದಿದ್ದಾರೆ, ಮಾತಿಲ್ಲ, ಕೈಕಾಲು ಆಡೋದಿಲ್ಲ. ತಾಯಿ ಇಲ್ಲದ ಮನೇಲಿ ಇವರನ್ನ ಸಾಕಿದ್ದು ಆ ಅಕ್ಕನೇ. ನಾನು ಮದುವೆಯಾಗಿ ಬಂದಾಗ ಗಟ್ಟಿಮುಟ್ಟಾಗಿದ್ರು. ನಾನು ಮಾಡಿದ ಅಡುಗೇನ ನನ್ನ ಎದುರಿಗೇ ಮೋರಿಗೆ ಸುರೀತಿದ್ರು. ನನ್ನ ಮಗು ಹೊಟ್ಟೇಲೇ ಹೋಯ್ತು. ಆವತ್ತು, 'ಇವಳ ಹೊಟ್ಟೆಗೂ ಕೆಲಸ ಅಂದ್ರೆ ಸೋಮಾರಿತನ' ಅಂದ್ರು. ಇವರೂ ಕೇಳಿಸಿಕೊಂಡ್ರು, ಸುಮ್ಮನಿದ್ರು." ಅವಳು ಬಿರಿದ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದಳು. "ಆಮೇಲೆ ಅಕ್ಕ ಬಿದ್ರು. ನಾನು ತೊಳೀತೀನಿ, ತಿನ್ನಿಸ್ತೀನಿ, ಮಗ್ಗುಲು ಬದಲಿಸ್ತೀನಿ. ಮಧ್ಯಾಹ್ನ ಊಟ ಆದ ಮೇಲೆ ನಿದ್ದೆ ಔಷಧಿ, ನೀರಿಗೆ ಹನಿ ಹಾಕಿ ಕೊಡಬೇಕು. ಜಾಸ್ತಿ ಬಿದ್ರೆ ಏಳೋದಿಲ್ಲ ಹುಷಾರು ಅಂತ ಡಾಕ್ಟರೇ ಹೇಳಿದ್ರು. ಒಂದು ದಿನ ಸೀಸೆ ಬಗ್ಗಿಸಿದೆ. ಬಗ್ಗಿಸಿಕೊಂಡೇ ಇದ್ದೆ. ತಿರುಗಿ ನೋಡಿದ್ರೆ ಆ ಕಣ್ಣು. ಚೆಲ್ಲಿಬಿಟ್ಟೆ, ಬೇರೆ ನೀರು ತಂದು ಸರಿಯಾಗಿ ಹಾಕಿದೆ."

ಪುಟ್ಟಿ, "ಆ ಕಣ್ಣಿಗೆ ಏನೂ ಕಾಣ್ತಿರಲಿಲ್ಲಮ್ಮಾ. ಅದು ಪ್ಲಾಸ್ಟಿಕ್ಕು. ನಮ್ಮಪ್ಪ ಇದೇ ಮೇಜಿನ ಮೇಲೆ ಬರೆದದ್ದು," ಎಂದಳು.

"ನನಗೆ ಗೊತ್ತಿಲ್ವಾ? ಅದರ ಮುಂದೆ ಕೈ ಆಡಿಸಿ ನೋಡಿದ್ದೀನಿ. ಬೆರಳಲ್ಲಿ ಮುಟ್ಟಿಯೂ ನೋಡಿದ್ದೀನಿ. ಕಾಣೋದಿಲ್ಲ. ಆದ್ರೆ ನೋಡ್ತಿತ್ತು." ಅವಳು ಮೊದಲ ಸಲ ತಲೆಯೆತ್ತಿದಳು. "ಅದಾದ ಮೇಲೂ ಎಷ್ಟೋ ಸಲ ಬಗ್ಗಿಸಿದ್ದೀನಿ, ಎಷ್ಟೋ ಸಲ ಚೆಲ್ಲಿದ್ದೀನಿ. ಈಗ ಇವರ ಜೊತೆ ಅದೂ ಮಣ್ಣಿಗೆ ಹೋಯ್ತು. ಈಗಲೂ ಬಗ್ಗಿಸ್ತೀನಿ. ಈಗಲೂ ಚೆಲ್ತೀನಿ. ಆದ್ರೆ ದಿನದಿನಕ್ಕೆ ಚೆಲ್ಲೋದು ತಡ ಆಗ್ತಾ ಇದೆ."

ಅಣ್ಣ ತಡೆಯಲಾರದೆ, "ದೇವರಿದ್ದಾನಲ್ಲಮ್ಮಾ, ಅವನು ನೋಡೋದಿಲ್ವಾ?" ಎಂದ.

"ನೋಡ್ತಾನೆ. ಆದ್ರೆ ಕೈಮುಗಿದು ಅತ್ತರೆ ಕ್ಷಮಿಸ್ತಾನೆ ಅಂತಲೂ ಹೇಳ್ತಾರಲ್ಲ. ಆ ಕಣ್ಣು ಕ್ಷಮಿಸೋ ಹಾಗೆ ಕಾಣ್ತಿರಲಿಲ್ಲ."

ಅಣ್ಣನ ಮುಖ ಪೆಚ್ಚಾಯಿತು. ಅವನ ಅಷ್ಟು ವರ್ಷದ ವಾದದಲ್ಲಿ ಈ ಸಂದಿಯನ್ನು ಯಾರೂ ತೋರಿಸಿರಲಿಲ್ಲ. ಪುಟ್ಟಿ ಇನ್ನೊಂದು ದಾರಿ ಹುಡುಕಿದಳು. ಬೇರೆ ಯಾರ ಹತ್ತಿರವಾದರೂ ಬಿಡಬಹುದಲ್ಲ? ಯಾರೂ ಇಲ್ಲ. ಆಸ್ಪತ್ರೆ? ವಾಸಿಯಾಗದವರನ್ನು ಇಟ್ಟುಕೊಳ್ಳುವುದಿಲ್ಲವಂತೆ. ಅಕ್ಕಪಕ್ಕದವರು? ಅವರ ಪಾಲಿಗೆ ವೆಲ್ಡರನ ಹೆಂಡತಿ ದೇವತೆ, ಅಂಥ ಸೇವೆ ಯಾರು ಮಾಡುತ್ತಾರೆ ಎಂದು ಬೀದಿಯೆಲ್ಲ ಹೊಗಳುತ್ತದೆ. ಹೊಗಳಿದಾಗಲೆಲ್ಲ ತನಗೆ ವಾಂತಿ ಬಂದ ಹಾಗಾಗುತ್ತದೆ ಎಂದಳು ಆಕೆ.

ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಪುಟ್ಟಿಯನ್ನು ಕೇಳಿದಳು. "ನಿಮಗೆ ದೇವರಿಲ್ಲವಂತೆ. ಇವರು ಹೇಳ್ತಿದ್ರು. ಹಾಗಾದ್ರೆ ನಿಮ್ಮ ಕೈ ಹಿಡಿಯೋದು ಯಾರು?"

"ನನ್ನ ಕೈ ನನ್ನ ಮಾತು ಕೇಳುತ್ತಮ್ಮಾ," ಎಂದಳು ಪುಟ್ಟಿ ಥಟ್ಟನೆ. ಹೇಳಿದ ಮೇಲೆ ಅದು ಬಡಾಯಿಯಂತೆ ಕೇಳಿಸಿತು. ಹುಟ್ಟಿದಾಗಿನಿಂದ ಈ ಅಂಗಡಿಯಲ್ಲೇ ಬೆಳೆದವಳು ಅವಳು. ಅಕ್ಷರ ಕಲಿತದ್ದು, ಊಟ ಮಾಡಿದ್ದು, ಪೆಟ್ಟು ತಿಂದದ್ದು ಎಲ್ಲ ಈ ಖಾನೆಗಳ ಮುಂದೆ. ಯಾರೂ ನೋಡದ ಕಡೆ ತಾನು ಹೇಗಿರುತ್ತೇನೆಂದು ತನಗೆ ಗೊತ್ತಾಗುವುದು ಹೇಗೆ? ಯಾರೂ ನೋಡದ ಕಡೆ ತಾನು ಇದ್ದದ್ದಾದರೂ ಯಾವಾಗ? ಈ ಯೋಚನೆ ಅವಳಿಗೆ ಇಷ್ಟವಾಗಲಿಲ್ಲ.

ಅಣ್ಣ ತಂಗಿ ಆವತ್ತು ಸಂಜೆಯವರೆಗೆ ಕಚ್ಚಾಡಿದರು. ಈ ಸಲ ಪಾತ್ರಗಳು ತಿರುವುಮುರುವು. ಮಾಡಿಕೊಡುವುದು ಬೇಡ, ಸತ್ತವನ ಕಣ್ಣು, ಎದುರಿಗೆ ಜೊತೆಯಿಲ್ಲ, ಅಪ್ಪನ ಮಾತು ಮೀರಬೇಡ ಎಂದು ಅಣ್ಣ. ಅಲ್ಲಿ ಒಂದು ಜೀವದ ಪ್ರಶ್ನೆಯಿದೆ, ಒಂದು ತುಂಡು ಪ್ಲಾಸ್ಟಿಕ್ಕಿನಿಂದ ಅದು ಉಳಿಯುವುದಾದರೆ ಉಳಿಯಲಿ ಎಂದು ಪುಟ್ಟಿ.

"ಅಂದ್ರೆ ಹೆದರಿಸೋ ಕಣ್ಣೊಂದು ಬೇಕು ಅಂತಾಯ್ತಲ್ಲ?" ಎಂದ ಅಣ್ಣ ಮೆಲ್ಲಗೆ.

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಖಾನೆಗಳನ್ನು ಮುಚ್ಚಲು ಹೋದವಳು ನಡುದಾರಿಯಲ್ಲಿ ನಿಂತುಬಿಟ್ಟಳು. ತಾನು ಯಾಕೆ ಎದ್ದೆನೆಂದು ಅವಳಿಗೆ ಮೊದಲ ಬಾರಿ ಹೊಳೆಯಿತು. ಮುಚ್ಚದೆ ಹಾಗೇ ವಾಪಸ್ಸು ಬಂದು ಕೂತಳು, ಆದರೆ ಜಗಳ ಮುಂದುವರಿಯಲಿಲ್ಲ.

ಮರುದಿನ ವೆಲ್ಡರನ ಹಳೆಯ ಅಚ್ಚು ಹುಡುಕಿ ತೆಗೆದರು. ಅಪ್ಪ ಇಟ್ಟಿದ್ದ ಬಣ್ಣದ ಬಿಲ್ಲೆಯೂ ಸಿಕ್ಕಿತು, ಕಂದು ಬಣ್ಣ, ಅಂಚಿಗೆ ಸ್ವಲ್ಪ ಬೂದು. ಬಿಲ್ಲೆಯಲ್ಲಿ ಮೂಲ ಬಣ್ಣ ಮಾತ್ರ ಇರುತ್ತದೆ. ಉಳಿದದ್ದನ್ನು ಎದುರಿಗಿರುವ ಜೊತೆ ಹೇಳಿಕೊಡಬೇಕು. ಅಣ್ಣನನ್ನು ಕೇಳಿದಳು. ಅವನಿಗೆ ಆ ಕಣ್ಣಿನ ಗೀರುಗಳೆಲ್ಲ ನೆನಪಿದ್ದವು, ಬಣ್ಣ ನೆನಪಿರಲಿಲ್ಲ. "ನಾನು ಹೊಳಪು ನೋಡೋನು ಪುಟ್ಟಿ, ಕಣ್ಣು ನೋಡೋನಲ್ಲ."

ಅವಳು ಅಂದಾಜಿನ ಮೇಲೆ ಬರೆದಳು. ಎದುರಿನ ಕುರ್ಚಿ ಖಾಲಿ. ಅಭ್ಯಾಸಬಲದಿಂದ ಮತ್ತೆ ಮತ್ತೆ ತಲೆಯೆತ್ತಿ ಆ ಕುರ್ಚಿಯ ಕಡೆ ನೋಡುತ್ತಿದ್ದಳು. ಅಲ್ಲಿ ಯಾರೂ ಇಲ್ಲದ್ದು ಕಂಡು ಪ್ರತಿ ಸಲವೂ ಸ್ವಲ್ಪ ಗಾಬರಿಯಾಗುತ್ತಿತ್ತು. ಕೆಲಸ ಮುಗಿದಾಗ ಕಣ್ಣು ಚೆನ್ನಾಗಿಯೇ ಬಂದಿತ್ತು, ಅವಳು ಬರೆದ ಎಷ್ಟೋ ಕಣ್ಣಿಗಿಂತ ಚೆನ್ನಾಗಿ. ಬಟ್ಟಲಿನಲ್ಲಿಟ್ಟು ಹಿಂದೆ ಸರಿದಳು. ನೋಡುತ್ತಿತ್ತು. ಕಿಟಕಿಯ ಕಡೆ ಹೋದಳು. ನೋಡುತ್ತಿತ್ತು. ನೇರ ಬರೆದ ಪಾಪೆ ಎಲ್ಲಿಂದ ಕಂಡರೂ ಹಾಗೇ ಕಾಣುತ್ತದೆ, ಇದು ಅವಳಿಗೆ ಗೊತ್ತಿದ್ದ ಕಸುಬಿನ ಸಂಗತಿ. ಗೊತ್ತಿದ್ದೂ ಆ ದಿನ ಬುತ್ತಿ ಬಿಚ್ಚುವ ಮುಂಚೆ ಅದನ್ನು ಮಗುಚಿ ಹಾಕಿದಳು. ಊಟ ಮುಗಿಸಿ ಕೈ ತೊಳೆದು ಬಂದರೆ ಅದು ಮತ್ತೆ ಮೇಲ್ಮುಖವಾಗಿತ್ತು. ಅಣ್ಣ ತಿರುಗಿಸಿಟ್ಟಿರಬೇಕು ಅಂದುಕೊಂಡಳು. ಅಣ್ಣನನ್ನು ಕೇಳಲಿಲ್ಲ. ಕೇಳಿ, ಅವನು ಇಲ್ಲ ಅಂದರೆ ಏನು ಮಾಡುವುದು?

ವೆಲ್ಡರನ ಹೆಂಡತಿ ಬಂದು ಅದನ್ನು ಒಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ಅಂಗಡಿ ಒಂದಿಷ್ಟು ಹಗುರಾಯಿತು. ಅಣ್ಣನಂತೂ ಆ ದಿನ ಸಿಳ್ಳೆ ಹಾಕಿಕೊಂಡೇ ಸಾಣೆ ತಿರುಗಿಸಿದ.

ಕೆಲವೇ ದಿನ. ಒಂದು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣ ಸುತ್ತ ಕಪ್ಪುಗಟ್ಟಿತ್ತು. ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.

"ಇದು ಅದಲ್ಲ."

"ಅದೇ ಅಚ್ಚು, ಅದೇ ಬಣ್ಣ," ಎಂದಳು ಪುಟ್ಟಿ.

"ಇದೂ ನೋಡುತ್ತೆ. ನೋಡೋದಿಲ್ಲ ಅಂತಲ್ಲ. ಆದ್ರೆ ಇದು ಎಲ್ಲಾರನ್ನೂ ನೋಡುತ್ತೆ. ಬಾಗಿಲಿಗೆ ಬಂದವರನ್ನ ನೋಡುತ್ತೆ, ಬೆಕ್ಕನ್ನ ನೋಡುತ್ತೆ, ಗೋಡೇನ ನೋಡುತ್ತೆ. ಆ ಕಣ್ಣು ನನ್ನೊಬ್ಬಳನ್ನೇ ನೋಡ್ತಿತ್ತು. ಏನೋ ಒಂದಿತ್ತು ಅದರಲ್ಲಿ. ಏನು ಅಂತ ನನಗೆ ಹೇಳಕ್ಕೆ ಬರ್ತಿಲ್ಲ." ಅವಳು ಕಣ್ಣನ್ನು ಪುಟ್ಟಿಯ ಕಡೆ ಸರಿಸಿದಳು. "ನಿನ್ನೆ ಚೆಲ್ಲೋ ಹೊತ್ತಿಗೆ ಲೋಟ ಅವರ ತುಟಿ ಮುಟ್ಟಿತ್ತು. ಬೇಗ ಸರಿಮಾಡಿಕೊಡಿ."

ಪುಟ್ಟಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ಕಣ್ಣು ಮೇಜಿನ ಮೇಲಿತ್ತು. ಪುಟ್ಟಿ ಅದನ್ನು ಕಿಟಕಿಗೆ ಹಿಡಿದಳು, ಭೂತಗನ್ನಡಿಯ ಕೆಳಗಿಟ್ಟಳು, ಅಪ್ಪನ ಬಿಲ್ಲೆಯ ಪಕ್ಕ ಇಟ್ಟು ತಾಳೆ ನೋಡಿದಳು. ಏನು ಕಡಿಮೆಯಾಗಿದೆ ಎಂದು ತಲೆ ಕೆಡಿಸಿಕೊಂಡು ಕೂತಳು. ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಿತು. ಅಣ್ಣ ಚಹಾ ತಂದಿಟ್ಟವನು, ಮೇಜನ್ನು ನೋಡಿ, "ಕಣ್ಣು ಇಲ್ಲೇ ಇದೆಯಲ್ಲ. ಹಾಗಾದ್ರೆ ಇವತ್ತು ಆ ಮನೇಲಿ ಏನೂ ಇಲ್ಲ," ಎಂದ.

ಪುಟ್ಟಿ ಧಡಕ್ಕನೆ ಎದ್ದಳು. ಮಧ್ಯಾಹ್ನ ಊಟವಾದ ಮೇಲೆ ಔಷಧಿ. ಅವಳು ಕಣ್ಣನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿಯನ್ನು ಕಾಲಿಗೆ ಸಿಕ್ಕಿಸಿಕೊಂಡು ಹೊರಟಳು. "ಏನಂತ ಹೇಳಿ ಹೋಗ್ತೀಯ?" ಎಂದು ಅಣ್ಣ ಹಿಂದಿನಿಂದ ಕೂಗಿದ. "ಫೋಟೋ ಕೇಳ್ತೀನಿ!" ಎಂದಳು ಪುಟ್ಟಿ.

ಮನೆ ಇಕ್ಕಟ್ಟಾದ ಬೀದಿಯಲ್ಲಿ, ಕೆಳ ಅಂತಸ್ತಿನಲ್ಲಿತ್ತು. ಕಿಟಕಿ ನೇರ ಬೀದಿಗೆ ತೆರೆಯುತ್ತಿತ್ತು, ಬಾಗಿಲಿಗೆ ಅಗಣಿ ಹಾಕಿರಲಿಲ್ಲ. ಒಳಗೆ ಫಿನಾಯಿಲಿನ ವಾಸನೆ, ಅದರಡಿಯಲ್ಲಿ ಬೇಯಿಸಿದ ಗಂಜಿಯ ವಾಸನೆ. ಒಂದು ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು, ಅದು ವೆಲ್ಡರನದು. ಇನ್ನೊಂದರ ಮೇಲೆ ಗೋಡೆಯ ಕಡೆ ಮುಖಮಾಡಿ ಅವನ ಅಕ್ಕ ಮಲಗಿದ್ದಳು. ಬಾಚಿ ಹೆಣೆದ ಬಿಳಿಯ ಜಡೆ, ಮಡಿಕೆ ಮುರಿಯದ ಹೊದಿಕೆ, ಕತ್ತರಿಸಿದ ಉಗುರು. ಇಷ್ಟು ಅಚ್ಚುಕಟ್ಟಾಗಿ ನೋಡಿಕೊಂಡ ರೋಗಿಯನ್ನು ಪುಟ್ಟಿ ಕಂಡಿರಲಿಲ್ಲ. ಎರಡು ಮಂಚಗಳ ನಡುವೆ ಸ್ಟೂಲು. ಸ್ಟೂಲಿನ ಮೇಲೆ ಸೀಸೆ, ಅದರ ಪಕ್ಕ ಲೋಟ. ಲೋಟ ತುಂಬಿತ್ತು.

ವೆಲ್ಡರನ ಹೆಂಡತಿ ಲೋಟದ ಎದುರು ನೆಲದ ಮೇಲೆ ಕೂತಿದ್ದಳು. ಪುಟ್ಟಿಯನ್ನು ಕಂಡು ಆಶ್ಚರ್ಯಪಡಲೂ ಇಲ್ಲ.

"ಸರಿಹೋಯ್ತಾ?"

"ಇಲ್ಲ. ಫೋಟೋ ಇದ್ರೆ ಬೇಕಿತ್ತು."

ಅವಳು ಎದ್ದು, ಗೂಡಿನಿಂದ ಒಂದು ಚೌಕಟ್ಟು ತಂದುಕೊಟ್ಟಳು. ವೆಲ್ಡರ್ ನಗುತ್ತಿದ್ದ, ಕಪ್ಪು ಕನ್ನಡಕ ಹಾಕಿಕೊಂಡು. "ಎಲ್ಲದರಲ್ಲೂ ಹೀಗೇ," ಎಂದಳು. "ಫೋಟೋ ಅಂದ್ರೆ ಸಾಕು, ಕನ್ನಡಕ ಹುಡುಕ್ತಿದ್ರು." ಬೇರೆ ಯಾವ ಹೊತ್ತಿನಲ್ಲಾದರೂ ಪುಟ್ಟಿ ನಕ್ಕುಬಿಡುತ್ತಿದ್ದಳು. ಈಗ ಅವಳ ಗಮನವೆಲ್ಲ ಲೋಟದ ಮೇಲಿತ್ತು. ಇನ್ನೇನು ನೆವ ಹೇಳಿ ಇಲ್ಲಿ ನಿಲ್ಲುವುದು ಎಂದು ಯೋಚಿಸುತ್ತಿದ್ದಾಗ, ಕಸುಬಿನ ಬುದ್ಧಿ ತಾನಾಗಿ ಕೆಲಸ ಮಾಡಿತು.

"ಒಡಹುಟ್ಟಿದವರಲ್ವಾ? ಇವರ ಕಣ್ಣು ನೋಡ್ತೀನಿ. ಅಂದಾಜು ಸಿಗಬಹುದು."

"ಅದರಲ್ಲೇನಿರುತ್ತೆ? ಅಕ್ಕನಿಗೆ ಏನೂ ತಿಳಿಯೋದಿಲ್ಲ. ಬರೀ ಉಸಿರು ಅಷ್ಟೆ."

"ಯಾವಾಗಲೂ ಗೋಡೆ ಕಡೆನೇ ಮಲಗಿಸ್ತೀರಾ?"

"ಬೆನ್ನು ಹುಣ್ಣಾಗುತ್ತೆ ಅಂತ ಮಗ್ಗುಲು ಬದಲಿಸ್ತೀನಿ," ಎಂದವಳು ಸ್ವಲ್ಪ ತಡೆದು, "ಔಷಧಿ ಹೊತ್ತಿಗೆ ಗೋಡೆ ಕಡೆ," ಎಂದಳು.

ಪುಟ್ಟಿ ಮಂಚದ ಅಂಚಿಗೆ ಕೂತು, ಅಕ್ಕನ ಹೆಗಲ ಕೆಳಗೆ ಕೈಯಿಟ್ಟು ನಿಧಾನವಾಗಿ ಇತ್ತ ಹೊರಳಿಸಿದಳು. ಭಾರವೇ ಇರಲಿಲ್ಲ. ಮುಖದ ಒಂದು ಪಕ್ಕ ಜಾರಿತ್ತು. ಕಿಟಕಿಯ ಬೆಳಕು ನೇರ ಕಣ್ಣಿಗೆ ಬಿತ್ತು.

ಕಂದು ಬಣ್ಣ, ಅಂಚಿಗೆ ಬೂದು. ಪಾಪೆಯ ಕೆಳಗೆ, ಒಂದಿಷ್ಟು ಒಳಬದಿಗೆ, ಸಾಸಿವೆಗಿಂತ ಸಣ್ಣ ಒಂದು ತುಕ್ಕುಬಣ್ಣದ ಚುಕ್ಕೆ. ಅಷ್ಟೇ. ಆ ಚುಕ್ಕೆಯಿಂದ ನೋಟಕ್ಕೆ ಒಂದು ಇಳಿಜಾರು ಬಂದಿತ್ತು, ಎದುರಿಗಿದ್ದವರ ಕಡೆಗೇ ಹೊರಟುಬಂದ ಹಾಗೆ. ಎಷ್ಟೋ ವರ್ಷದ ಹಿಂದೆ ಅಪ್ಪ ವೆಲ್ಡರನ ಬಲಗಣ್ಣಿನಲ್ಲಿ ಕಂಡು ಎಡಗಣ್ಣಿಗೆ ಇಳಿಸಿದ್ದು ಇದನ್ನೇ. ಪುಟ್ಟಿ ಬಿಟ್ಟದ್ದೂ ಇದನ್ನೇ.

ಅದಲ್ಲ ಅವಳನ್ನು ನಡುಗಿಸಿದ್ದು. ಆ ಕಣ್ಣುಗಳಿಗೆ ಎಲ್ಲ ತಿಳಿದಿತ್ತು. ಜೀವಮಾನವೆಲ್ಲ ಜೀವವಿರುವ ಕಣ್ಣಿನ ಎದುರು ಕೂತು ಕೆಲಸ ಮಾಡಿದವಳು ಪುಟ್ಟಿ. ಒಳಗೆ ಯಾರಾದರೂ ಇದ್ದಾರೆಯೇ ಇಲ್ಲವೇ ಎನ್ನುವುದು ಅವಳಿಗೆ ಕೂಡಲೇ ಗೊತ್ತಾಗುತ್ತಿತ್ತು. ಇಲ್ಲಿ ಇದ್ದರು. ಆ ನೋಟ ಪುಟ್ಟಿಯ ಮುಖದಿಂದ ಸರಿದು ಸ್ಟೂಲಿಗೆ ಹೋಯಿತು, ಲೋಟದ ಮೇಲೆ ಒಂದು ಗಳಿಗೆ ನಿಂತಿತು, ಅಲ್ಲಿಂದ ತಮ್ಮನ ಹೆಂಡತಿಯ ಕಡೆ ಹೋಯಿತು. ಗೋಡೆಯ ಕಡೆ ಮುಖ ತಿರುಗಿಸಿದರೇನು? ಸೀಸೆಯ ಬಿರಡೆ ತೆಗೆದ ಸದ್ದು, ಹನಿ ಬಿದ್ದ ಸದ್ದು, ಬೀಳುತ್ತಲೇ ಇದ್ದ ಸದ್ದು, ಆಮೇಲೆ ಮೋರಿಗೆ ಚೆಲ್ಲಿದ ಸದ್ದು ಎಲ್ಲ ಕಿವಿಗೆ ಕೇಳುವಂಥದ್ದೇ.

"ಇಲ್ಲಿ ಬನ್ನಿ," ಎಂದಳು ಪುಟ್ಟಿ. "ಇಲ್ಲಿ ಕೂತ್ಕೊಳ್ಳಿ. ನೋಡಿ."

"ಏನು ನೋಡೋದು?"

"ಆ ಕಣ್ಣಲ್ಲಿ ಏನೋ ಒಂದಿತ್ತು ಅಂದ್ರಲ್ಲ. ಇಲ್ಲಿದೆ."

"ಬೇಡ. ನಾನು ಅವರ ಮೈ ತೊಳೀತೀನಿ. ಮುಖ ನೋಡೋದಿಲ್ಲ. ಬಿದ್ದ ದಿನದಿಂದ ನೋಡಿಲ್ಲ."

ಪುಟ್ಟಿ ಅವಳ ಬಿರಿದ ಕೈ ಹಿಡಿದು ಎಳೆದು ಕೂರಿಸಿದಳು. ವೆಲ್ಡರನ ಹೆಂಡತಿ ಮೊದಲು ಹೊದಿಕೆ ನೋಡಿದಳು, ಜಡೆ ನೋಡಿದಳು, ಕೊನೆಗೆ ಬೇರೆ ಗತಿಯಿಲ್ಲದೆ ಕಣ್ಣು ನೋಡಿದಳು. ಅವಳ ಗಂಟಲಿಂದ ಒಂದು ಸದ್ದು ಬಂತು. ಅಳುವಲ್ಲ, ಕೂಗಲ್ಲ, ಕಾಲಡಿಯ ಮೆಟ್ಟಿಲು ತಪ್ಪಿದವರು ಮಾಡುವ ಸದ್ದು.

"ಇದೇ," ಎಂದಳು. "ಇದೇ ನೋಡ್ತಿದ್ದದ್ದು. ಇದಕ್ಕೆ ತಿಳೀತಾ ಇತ್ತಾ? ಎಲ್ಲಾ?"

"ಎಲ್ಲಾ."

ಆಗ ಅಕ್ಕ ಬಾಯಿ ತೆರೆದಳು. ಜಾರಿದ ತುಟಿಯನ್ನು ಆದಷ್ಟು ಅಗಲ ಮಾಡಿ, ನೋಟವನ್ನು ಅವಳಿಂದ ಕದಲಿಸದೆ, ದಿನವೂ ಆ ಹೊತ್ತಿಗೆ ತೆರೆಯುವ ಹಾಗೆಯೇ ತೆರೆದು ಕಾದಳು. ಔಷಧಿಯ ಹೊತ್ತಾಗಿತ್ತು. ಲೋಟದಲ್ಲಿ ಏನಿರಬಹುದೆಂದು ತಿಳಿದೇ ತೆರೆದ ಬಾಯಿ ಅದು. ಇಷ್ಟು ದಿನವೂ ಹಾಗೆ ತಿಳಿದೇ ತೆರೆದಿತ್ತು, ಕೊಟ್ಟದ್ದನ್ನು ಕುಡಿದಿತ್ತು. ಪುಟ್ಟಿಗೆ ಅಲ್ಲಿಂದ ಎದ್ದು ಓಡಿಬಿಡಬೇಕು ಅನ್ನಿಸಿತು.

ವೆಲ್ಡರನ ಹೆಂಡತಿ ಲೋಟ ಎತ್ತಿಕೊಂಡಳು. ನೀರು ತುಳುಕಿತು. ಪುಟ್ಟಿ ತಡೆಯಲು ಕೈ ಚಾಚಿದಳು, ಅಷ್ಟರಲ್ಲಿ ಅವಳು, "ಇದು ಬೇಡ ಅಕ್ಕ. ಇದು ಬೇಡ. ಬಾಯಿ ಮುಚ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಮುಚ್ಕೊಳ್ಳಿ," ಎಂದು ಬಚ್ಚಲಿಗೆ ಓಡಿದಳು. ನೀರು ಸುರಿದ ಸದ್ದು, ಲೋಟ ಉಜ್ಜಿದ ಸದ್ದು ಬಹಳ ಹೊತ್ತು ಕೇಳಿಸಿತು. ಅಕ್ಕನ ಬಾಯಿ ತೆರೆದೇ ಇತ್ತು.

ವೆಲ್ಡರನ ಹೆಂಡತಿ ತೊಳೆದ ಲೋಟ ಹಿಡಿದೇ, ಹೊರಡಲೆದ್ದ ಪುಟ್ಟಿಯನ್ನು ಕಳಿಸಲು ಬಾಗಿಲವರೆಗೆ ಬಂದಳು. ಹೊಸ್ತಿಲ ಮೇಲೆ ತೋಳು ಹಿಡಿದು ನಿಲ್ಲಿಸಿದಳು. ಮುಖದಲ್ಲಿ ಒಂದು ಆಸೆ ಹತ್ತಿಕೊಂಡಿತ್ತು.

"ನಿಮ್ಮನ್ನ ಇವತ್ತು ಇಲ್ಲಿಗೆ ಯಾರು ಕಳಿಸಿದ್ದು?"

ಅವಳಿಗೆ ಯಾವ ಉತ್ತರ ಬೇಕೆಂದು ಪುಟ್ಟಿಗೆ ಸ್ಪಷ್ಟವಾಗಿ ತಿಳಿಯಿತು. ದೇವರು ಎಂದರೆ ಸಾಕು. ಆ ಒಂದು ಮಾತು ಈ ಹೆಂಗಸಿನ ಕೈಯನ್ನು ಸಾಯುವವರೆಗೆ ಹಿಡಿದಿರುತ್ತದೆ, ಅಲ್ಲಿ ಮಲಗಿರುವ ಜೀವ ಉಳಿಯುತ್ತದೆ. ಒಂದು ಸುಳ್ಳು. ಅಣ್ಣನೂ ಇಲ್ಲ, ಅಪ್ಪನೂ ಇಲ್ಲ, ಹೇಳಿದರೆ ಕೇಳುವವರು ಯಾರು? ಮಾತು ನಾಲಿಗೆಯ ತುದಿಗೆ ಬಂತು. ಅವಳು ಸುಮ್ಮನೆ ಒಳಗೆ ಕಣ್ಣು ಹಾಯಿಸಿದಳು. ಮಂಚದ ಮೇಲಿಂದ ಅಕ್ಕ ಅವಳನ್ನೇ ನೋಡುತ್ತಿದ್ದಳು.

"ಯಾರೂ ಕಳಿಸಲಿಲ್ಲ," ಎಂದಳು ಪುಟ್ಟಿ. "ಹೆದರಿಕೆಯಾಯ್ತು, ನಾನೇ ಬಂದೆ. ನಾಳೇನೂ ಈ ಹೊತ್ತಿಗೆ ಬರ್ತೀನಿ."

ಆ ಮುಖದಲ್ಲಿ ಹತ್ತಿಕೊಂಡದ್ದು ನಂದಿತು. ಅದರ ಜಾಗಕ್ಕೆ ಏನು ಬಂತೆಂದು ಪುಟ್ಟಿಗೆ ಓದಲಾಗಲಿಲ್ಲ. "ನೀವು ಬರೆದ ಆ ಕಣ್ಣು?" ಎಂದಷ್ಟೇ ಕೇಳಿದಳು ವೆಲ್ಡರನ ಹೆಂಡತಿ. "ಅದಕ್ಕೆ ಜೊತೆಯಿಲ್ಲ. ಒಡೆದುಹಾಕ್ತೀನಿ," ಎಂದಳು ಪುಟ್ಟಿ. ಬಾಗಿಲು ಮುಚ್ಚಿತು. ಈ ಸಲ ಅಗಣಿ ಹಾಕಿದ ಸದ್ದಾಯಿತು.

ಅಂಗಡಿಯ ಕಡೆ ತಿರುಗಿ ಸ್ವಲ್ಪ ದೂರ ನಡೆದಳು. ನಡೆದವಳು ನಿಂತಳು. ಯಾರಾದರೂ ಕಂಡಾರೆಂಬ ನಾಚಿಕೆಯೂ ಇಲ್ಲದೆ ವಾಪಸ್ಸು ಬಂದು, ಆ ಕಿಟಕಿಯ ಎದುರಿನ ಗೋಡೆಗೆ ಒರಗಿ ನಿಂತಳು. ಒಳಗೆ ವೆಲ್ಡರನ ಹೆಂಡತಿ ಸ್ಟೂಲಿನ ಮೇಲೆ ಹೊಸ ನೀರು ಇಟ್ಟು ಸೀಸೆ ಎತ್ತಿದಳು. ಬಗ್ಗಿಸಿದಳು. ಎಷ್ಟು ಹನಿ ಬಿತ್ತೋ ಬೀದಿಯಿಂದ ಕಾಣುವಂತಿರಲಿಲ್ಲ. ಆಮೇಲೆ ಅಕ್ಕನ ತಲೆಯನ್ನು ತೋಳ ಮೇಲೆ ಎತ್ತಿ, ಮುಖಕ್ಕೆ ಮುಖ ಕೊಟ್ಟು, ಲೋಟವನ್ನು ತುಟಿಗೆ ಹಿಡಿದಳು. ಬೀದಿಯಲ್ಲಿ ಯಾರೋ ಪುಟ್ಟಿಯನ್ನು ದಾಟಿಕೊಂಡು ಹೋದರು, ಏನೋ ಕೇಳಿದರು. ಅವಳಿಗೆ ಕೇಳಿಸಲಿಲ್ಲ. ಲೋಟ ಖಾಲಿಯಾಗಿ, ಅಕ್ಕ ನಿದ್ದೆ ಹೋಗಿ, ಹೊದಿಕೆಯ ಕೆಳಗೆ ಎದೆ ಏರಿ ಇಳಿಯುವುದು ಖಾತರಿಯಾಗುವ ತನಕ ಪುಟ್ಟಿ ರೆಪ್ಪೆ ಮಿಟುಕಿಸದೆ ಅಲ್ಲೇ ನಿಂತು ನೋಡುತ್ತಿದ್ದಳು.